ಬೆಕ್ಕಿರುವ ಮನೆಗೆ ಆಶ್ರಯಧಾಮದ ನಾಯಿ

ಪ್ರಶ್ನೆ: ಬೆಂಗಳೂರಿನ ಪ್ರಾಣಿ ಆಶ್ರಯಧಾಮವೊಂದರಿಂದ ದೊಡ್ಡ ವಯಸ್ಸಿನ ನಾಟಿ ನಾಯಿಯನ್ನು ದತ್ತು ತಂದಿದ್ದೇವೆ. ಹಿಂದೆ ಹೀಗೆಯೇ ದತ್ತು ಬಂದಿದ್ದ ನಮ್ಮ ಬೆಕ್ಕು ಈಗ ಬೀರುವಿನ ಮೇಲಿಂದ ಇಳಿಯುತ್ತಿಲ್ಲ. ಎರಡನ್ನೂ ಒಗ್ಗಿಸುವುದು ಹೇಗೆ?

ಉತ್ತರ 1: ಬೆಕ್ಕನ್ನು ಬಲವಂತವಾಗಿ ಇಳಿಸಬೇಡಿ, ಎತ್ತರವೇ ಅದರ ಧೈರ್ಯ. ಎರಡನ್ನೂ ಬೇರೆ ಬೇರೆ ಕೋಣೆಗಳಲ್ಲಿರಿಸಿ, ಒಂದು ಮಲಗಿದ ಬಟ್ಟೆಯನ್ನು ಇನ್ನೊಂದರ ಬಳಿ ಇಟ್ಟು, ವಾಸನೆಯ ಪರಿಚಯವಾದ ಬಳಿಕವಷ್ಟೇ ನಾಯಿಯನ್ನು ಹಗ್ಗದಲ್ಲಿ ಹಿಡಿದು ದೂರದಿಂದ ಮುಖಾಮುಖಿ ಮಾಡಿಸಿ. ನಾಯಿ ಮೈ ಬಿಗಿಹಿಡಿದು, ಕರೆದರೂ ತಿರುಗದೆ ಬೆಕ್ಕನ್ನೇ ದಿಟ್ಟಿಸತೊಡಗಿದರೆ ಅಂದಿಗೆ ನಿಲ್ಲಿಸಿಬಿಡಿ. ನನ್ನ ಮಟ್ಟಿಗೆ ಬೊಗಳುವಿಕೆಗಿಂತ ಆ ಮೌನವೇ ಹೆಚ್ಚು ಅಪಾಯಕಾರಿ.

ಉತ್ತರ 2: ಉಣ್ಣಿಯ ಔಷಧದ ವಿಷಯದಲ್ಲಿ ಎಚ್ಚರವಿರಲಿ. ನಾಯಿಗಳ ಬೆನ್ನಿಗೆ ಹಚ್ಚುವ ಕೆಲವು ಔಷಧಗಳಲ್ಲಿರುವ ಪರ್ಮೆಥ್ರಿನ್ ಎಂಬ ಕೀಟನಾಶಕ ಬೆಕ್ಕಿಗೆ ವಿಷ. ಔಷಧ ಆರುವ ಮುನ್ನ ನಾಯಿಗೆ ಮೈಯುಜ್ಜಿದರೂ ಬೆಕ್ಕಿಗೆ ನಡುಕ, ಸೆಳೆತ ಬರಬಹುದು. ಬೆಕ್ಕೂ ಇದೆಯೆಂದು ಪಶುವೈದ್ಯರಿಗೆ ಮೊದಲೇ ಹೇಳಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಇಬ್ಬರಿಗೂ ಒಂದೇ ಆಹಾರ ಸಾಕೇ?

ಉತ್ತರ 3: ಸಾಲದು. ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ ಆಹಾರದಿಂದಲೇ ಸಿಗಬೇಕು. ಬರೀ ನಾಯಿಯ ಆಹಾರ ತಿಂದರೆ ಕಾಲಕ್ರಮೇಣ ಕಣ್ಣು, ಹೃದಯ ಕೆಡುತ್ತವೆ. ಬೆಕ್ಕಿನ ತಟ್ಟೆಯನ್ನು ಕಟ್ಟೆಯ ಮೇಲಿಡಿ, ಇಲ್ಲವಾದರೆ ಅದನ್ನು ಖಾಲಿ ಮಾಡುವವರು ಯಾರೆಂದು ಹೇಳಬೇಕಾಗಿಲ್ಲ.