ಕರೆಂಟು ಹೋದಾಗ ಎಲೆಕ್ಟ್ರಿಕ್ ಕಾರಿನಿಂದ ಮನೆಗೆ ವಿದ್ಯುತ್: ಗುಂಪಿನ ಪ್ರಶ್ನೋತ್ತರ

ನಿರ್ವಾಹಕರು: ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟು ಬಾರದಿರುವುದು ಮಲೆನಾಡಿಗೆ ಹೊಸದಲ್ಲ. ಈಗ ಹಲವರ ಮನೆಯಲ್ಲಿ ಎಲೆಕ್ಟ್ರಿಕ್ ಕಾರು ಇರುವುದರಿಂದ ಅದರಿಂದಲೇ ಮನೆ ನಡೆಸಬಹುದೇ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಾಗಿರುವ ನಮ್ಮ ಸದಸ್ಯರು ಇಲ್ಲಿ ಉತ್ತರಿಸುತ್ತಾರೆ.

ತೀರ್ಥಹಳ್ಳಿಯಿಂದ: ಸರ್, ನಮ್ಮದು 45 ಯೂನಿಟ್ ಬ್ಯಾಟರಿಯ ನೆಕ್ಸಾನ್. ಚಾರ್ಜಿಂಗ್ ಜಾಗಕ್ಕೆ ಸಿಕ್ಕಿಸಿ ಕಾರಿನ ಬ್ಯಾಟರಿಯಿಂದ ಹೊರಗಿನ ಸಾಮಾನುಗಳಿಗೆ ವಿದ್ಯುತ್ ಪಡೆಯುವ ವಿಟುಎಲ್ ಅಡಾಪ್ಟರ್ ಇದೆ. ಫ್ರಿಜ್, ಎರಡು ಫ್ಯಾನ್, ದೀಪಗಳು ಮತ್ತು ವೈಫೈ ಎಷ್ಟು ದಿನ ನಡೆಯಬಹುದು?

ಗುತ್ತಿಗೆದಾರರು: ಶೇಕಡ 80ರಿಂದ 30ರವರೆಗೆ ಬಳಸಿದರೆ ನಿಮಗೆ ಸಿಗುವುದು ಸುಮಾರು 22 ಯೂನಿಟ್. ನೀವು ಹೇಳಿದ ಸಾಮಾನುಗಳು ದಿನಕ್ಕೆ ಮೂರು ಯೂನಿಟ್ ಒಳಗೆ ಮುಗಿಯುತ್ತವೆ. ಹಾಗಾದರೆ ಒಂದು ವಾರ ಬರುತ್ತದೆ ಎಂದುಕೊಳ್ಳಬೇಡಿ. ಹೊರಗೆ ವಿದ್ಯುತ್ ಕೊಡುತ್ತಿರುವಷ್ಟು ಹೊತ್ತೂ ಕಾರಿನೊಳಗಿನ ವ್ಯವಸ್ಥೆ ಎಚ್ಚರವಾಗಿರಬೇಕಾಗುತ್ತದೆ, ಅದಕ್ಕೇ ನೂರು ಇನ್ನೂರು ವಾಟ್ ಬೇಕು. ಇಪ್ಪತ್ತನಾಲ್ಕು ಗಂಟೆಯೂ ಚಾಲೂ ಇಟ್ಟರೆ ಮನೆ ತಿನ್ನುವುದಕ್ಕಿಂತ ಕಾರು ತಿನ್ನುವುದೇ ಹೆಚ್ಚಾದೀತು. ಆದ್ದರಿಂದ ಬೆಳಿಗ್ಗೆ ಕೆಲವು ಗಂಟೆ, ರಾತ್ರಿ ಕೆಲವು ಗಂಟೆ ಚಾಲೂ ಮಾಡಿ, ಉಳಿದ ಹೊತ್ತು ಪೂರ್ತಿ ಆಫ್ ಮಾಡಿ. ಬಾಗಿಲು ತೆರೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ ತಣ್ಣಗಿರುತ್ತದೆ.

ಹೊಸನಗರದಿಂದ: ಅಡಿಕೆ ತೋಟದ 5 ಎಚ್‌ಪಿ ಪಂಪ್ ನಡೆಯುತ್ತದೆಯೇ?

ಗುತ್ತಿಗೆದಾರರು: ಇಲ್ಲ. ಅದು ಮೂರು ಫೇಸಿನದು, ಕಾರು ಕೊಡುವುದು ಒಂದೇ ಫೇಸು.

ರಿಪ್ಪನ್‌ಪೇಟೆಯಿಂದ: ಮನೆಯ ಬೋರ್‌ವೆಲ್ಲಿನ 1 ಎಚ್‌ಪಿ ಮೋಟಾರಾದರೂ?

ಗುತ್ತಿಗೆದಾರರು: ಓಡುವಾಗ ಸಾಲುತ್ತದೆ, ಹೊರಡುವಾಗ ಸಾಲುವುದಿಲ್ಲ. ಮೋಟಾರು ಶುರುವಾಗುವ ಕ್ಷಣದಲ್ಲಿ ಐದಾರು ಪಟ್ಟು ಕರೆಂಟು ಎಳೆಯುವುದರಿಂದ 3.3 ಕೆವಿಎವರೆಗೆ ಮಾತ್ರ ಕೊಡಬಲ್ಲ ಕಾರು ಬಹುತೇಕ ಟ್ರಿಪ್ ಆಗುತ್ತದೆ.

ಸಾಗರದಿಂದ: ಫಾರ್ವರ್ಡ್ ಆಗಿ ಬಂದದ್ದು: «ವೈರಿನ ಎರಡೂ ತುದಿಗೆ ಮೂರು ಪಿನ್ನಿನ ಪ್ಲಗ್ ಹಾಕಿ, ಒಂದನ್ನು ಕಾರಿಗೆ, ಇನ್ನೊಂದನ್ನು ಅಡುಗೆಮನೆಯ 16 ಆಂಪ್ ಸಾಕೆಟ್ಟಿಗೆ ಸಿಕ್ಕಿಸಿ, ಇಡೀ ಮನೆ ಬೆಳಗುತ್ತದೆ.» ಇದು ಸರಿಯೇ ಸರ್?

ಗುತ್ತಿಗೆದಾರರು: ಅದನ್ನು ಈಗಲೇ ಅಳಿಸಿಹಾಕಿ, ಕಳಿಸಿದವರಿಗೂ ಹೇಳಿ. ಒಂದು ತುದಿಯನ್ನು ಕಾರಿಗೆ ಸಿಕ್ಕಿಸಿದ ತಕ್ಷಣ ಕೈಯಲ್ಲಿರುವ ಇನ್ನೊಂದು ಪ್ಲಗ್ಗಿನ ಬರಿಯ ಪಿನ್ನುಗಳಲ್ಲಿ 230 ವೋಲ್ಟ್ ಇರುತ್ತದೆ. ಅದು ಸಾಕೆಟ್ಟಿಗೆ ಹೋದ ಮೇಲೆ ಮೀಟರ್ ದಾಟಿ ಹಿಂದಕ್ಕೆ ಕಂಬಕ್ಕೆ ಹರಿಯುತ್ತದೆ. 11 ಕೆವಿಯನ್ನು, ಅಂದರೆ 11 ಸಾವಿರ ವೋಲ್ಟನ್ನು ಇಳಿಸುವ ಅದೇ ಟ್ರಾನ್ಸ್‌ಫಾರ್ಮರ್ ಹಿಂದಿನಿಂದ ಕೊಟ್ಟರೆ ಏರಿಸುತ್ತದೆ. ಲೈನು ಸತ್ತಿದೆ ಎಂದು ನಂಬಿ ಮಳೆಯಲ್ಲಿ ಕಂಬ ಹತ್ತಿದ ಪವರ್‌ಮ್ಯಾನಿಗೆ ಆ ಕಡೆ ಸಾವಿರಾರು ವೋಲ್ಟ್ ಕಾದಿರುತ್ತದೆ. ಇದು ಉಪಾಯವಲ್ಲ, ಕೊಲೆ.

ಭದ್ರಾವತಿಯಿಂದ: ಮೇನ್ ಸ್ವಿಚ್ ಆಫ್ ಮಾಡಿದರೆ ಹೊರಗೆ ಹೋಗುವುದು ಹೇಗೆ ಸಾಧ್ಯ? ಜನರೇಟರ್ ಇರುವವರು ಹೀಗೇ ಮಾಡುತ್ತಾರೆ. ಸುಮ್ಮನೆ ಹೆದರಿಸಬಾರದು.

ಕೊಪ್ಪದಿಂದ: ನನ್ನ ಅಣ್ಣ ಪವರ್‌ಮ್ಯಾನ್. ನೀವು ಮೇನ್ ಆಫ್ ಮಾಡಲು ಮರೆತ ದಿನ ಅವನು ಕಂಬದ ಮೇಲಿದ್ದರೆ ನೀವು ಬಂದು ಉತ್ತರ ಹೇಳುತ್ತೀರಾ?

ಭದ್ರಾವತಿಯಿಂದ: ಮರೆಯುವವರು ಗ್ಯಾಸ್ ಆಫ್ ಮಾಡುವುದನ್ನೂ ಮರೆಯುತ್ತಾರೆ. ಹಾಗೆಂದು ಗ್ಯಾಸ್ ಬೇಡ ಎನ್ನುತ್ತೀರಾ?

ಕೊಪ್ಪದಿಂದ: ನಿಮ್ಮ ಗ್ಯಾಸ್ ಸೋರಿದರೆ ನಿಮ್ಮ ಮನೆ ಸುಡುತ್ತದೆ. ಇಲ್ಲಿ ಸಾಯುವವನು ಬೇರೆಯವನು, ಮಾರಾಯರೇ.

ಹ್ಯೂಸ್ಟನ್‌ನಿಂದ: 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಬಂದಾಗ ಇಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ವಿದ್ಯುತ್ ಇರಲಿಲ್ಲ. ಫೋರ್ಡ್ ಎಫ್-150 ಲೈಟ್ನಿಂಗ್ ಗಾಡಿಯಿಂದ 9.6 ಕಿಲೋವಾಟ್‌ವರೆಗೆ ಇಡೀ ಮನೆಗೆ ಕೊಡಬಹುದು. ನೀವಿನ್ನೂ ಒಂದು ಫ್ರಿಜ್ಜಿಗೆ ಇಷ್ಟು ಚರ್ಚಿಸುತ್ತಿದ್ದೀರಿ.

ಗುತ್ತಿಗೆದಾರರು: ಆ ಗಾಡಿಯ ಜೊತೆ ಮನೆಯನ್ನು ಲೈನಿನಿಂದ ತಾನಾಗಿ ಬೇರ್ಪಡಿಸುವ ಪೆಟ್ಟಿಗೆಯನ್ನು ಗೋಡೆಗೆ ಕೂರಿಸಿರುತ್ತಾರೆ. ಅದನ್ನೂ ಬರೆದಿದ್ದರೆ ಚೆನ್ನಾಗಿತ್ತು.

ಭದ್ರಾವತಿಯವರಿಗೆ ಒಂದೇ ಮಾತು: ಹಳೆಯ ಮನೆಗಳ ಎಷ್ಟೋ ಮೇನ್ ಸ್ವಿಚ್ಚುಗಳು ಫೇಸನ್ನು ಮಾತ್ರ ಕಡಿಯುತ್ತವೆ, ನ್ಯೂಟ್ರಲ್ ಕಂಬಕ್ಕೆ ಸೇರಿಯೇ ಇರುತ್ತದೆ. ಜನರೇಟರ್‌ಗೂ ಕಾರಿಗೂ ಬೇಕಾದದ್ದು ಫೇಸು, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್. ಅದಿದ್ದರೂ ಮನೆಯ ವೈರಿಂಗಿಗೆ ಕೊಡಬಹುದೆಂದು ಕಾರಿನ ಕೈಪಿಡಿ ಹೇಳಿರಬೇಕು.

ಶೃಂಗೇರಿಯಿಂದ: ಸರ್, ಅತ್ತೆಯವರಿಗೆ ಮನೆಯಲ್ಲೇ ಆಕ್ಸಿಜನ್ ಕಾನ್ಸೆಂಟ್ರೇಟರ್ ಹಾಕಿದ್ದೇವೆ, 350 ವಾಟ್. ಮೊನ್ನೆ ಇನ್ವರ್ಟರ್ ಬ್ಯಾಟರಿ ಇಳಿದಾಗ ಇನ್ವರ್ಟರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಾರಿನ ಅಡಾಪ್ಟರಿಗೆ ಸಿಕ್ಕಿಸಿದೆವು. ಒಂದು ನಿಮಿಷದೊಳಗೆ ಕಾರು ದೋಷ ತೋರಿಸಿ ನಿಂತುಹೋಯಿತು. ಮೂರು ಸಲವೂ ಹಾಗೇ ಆಯಿತು. ಕಾರು ಕೆಟ್ಟಿದೆಯೇ?

ಗುತ್ತಿಗೆದಾರರು: ಮೇಡಂ, ನಿಮ್ಮ ಕಾರು ಕೆಟ್ಟಿಲ್ಲ, ಬಹುಶಃ ಅದು ಮಾಡಬೇಕಾದದ್ದನ್ನೇ ಮಾಡಿದೆ. ವಿಟುಎಲ್‌ನಿಂದ ಬರುವ ಎರಡು ತಂತಿಗಳಲ್ಲಿ ಯಾವುದೂ ಸಾಮಾನ್ಯವಾಗಿ ಭೂಮಿಗೆ ಸೇರಿರುವುದಿಲ್ಲ. ಟೆಸ್ಟರ್ ಇಟ್ಟರೆ ಎರಡರಲ್ಲೂ ಮಂದವಾಗಿ ಉರಿಯುವುದು ಅದಕ್ಕೇ. ನಮ್ಮ ಮನೆಗಳಲ್ಲಿ ಇನ್ವರ್ಟರಿನ ನ್ಯೂಟ್ರಲ್ಲನ್ನು ಮನೆಯ ನ್ಯೂಟ್ರಲ್ಲಿಗೆ ಸೇರಿಸಿರುತ್ತಾರೆ, ಅದು ಕಂಬದ ಮೂಲಕ ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಭೂಮಿಗೆ ಇಳಿದಿರುತ್ತದೆ. ನೀವು ಪ್ಲಗ್ ಸಿಕ್ಕಿಸಿದಾಗ ಕಾರಿನ ಒಂದು ತಂತಿ ಮನೆಯ ನ್ಯೂಟ್ರಲ್ ಹಿಡಿದು ಭೂಮಿ ಮುಟ್ಟಿತು, ಕಾರು ಅದನ್ನು ಸೋರಿಕೆಯೆಂದು ತಿಳಿದು ನಿಲ್ಲಿಸಿತು. ಹಾಗಾಗಿ ಮತ್ತೆ ಆ ಪ್ರಯತ್ನ ಮಾಡಬೇಡಿ.

ಕಾನ್ಸೆಂಟ್ರೇಟರನ್ನು ಮನೆಯ ಯಾವ ಸಾಕೆಟ್ಟಿಗೂ ಸೇರಿಸದೆ ನೇರವಾಗಿ ಕಾರಿನಿಂದ ನಡೆಸಿ. 2.5 ಚದರ ಮಿಲಿಮೀಟರಿನ ಮೂರು ಎಳೆಯ ಕೇಬಲ್ ತನ್ನಿ, ಸುರುಳಿಯನ್ನು ಪೂರ್ತಿ ಬಿಚ್ಚಿ, ಜೋಡಣೆಯ ಜಾಗ ಮಳೆಗೆ ಸಿಕ್ಕದಂತೆ ಒಳಗಿರಲಿ. ಕಾರಿನದೂ ಸೇರಿ ಗಂಟೆಗೆ ಅರ್ಧ ಯೂನಿಟ್ ಆಸುಪಾಸು ಹೋಗುತ್ತದೆ, 20 ಯೂನಿಟ್ ಇದ್ದರೆ ಒಂದೂವರೆ ದಿನ. ಆದರೆ ನೀವು ನಿಗದಿ ಮಾಡಿದ ಮಟ್ಟಕ್ಕೆ ಬ್ಯಾಟರಿ ಇಳಿದಾಗ ಕಾರು ನಡುರಾತ್ರಿಯಲ್ಲೂ ತಾನಾಗಿ ನಿಲ್ಲುತ್ತದೆ. ಯಂತ್ರ ಮತ್ತೆ ಚಾಲೂ ಆದ ಮೇಲೂ ಸರಿಯಾದ ಆಕ್ಸಿಜನ್ ಬರಲು ಕೆಲವು ನಿಮಿಷ ಬೇಕು. ಆದ್ದರಿಂದ ತುಂಬಿದ ಸಿಲಿಂಡರ್ ಒಂದು ಮಂಚದ ಪಕ್ಕದಲ್ಲೇ ಇರಬೇಕು, ಅದನ್ನು ಹಾಕಲು ಮನೆಯ ಇಬ್ಬರಿಗಾದರೂ ಬರಬೇಕು, ಹರಿವು ಎಷ್ಟಿರಬೇಕೆಂದು ವೈದ್ಯರಿಂದ ಬರೆಸಿಕೊಂಡಿರಬೇಕು. ಆಕ್ಸಿಜನ್ ಇರುವ ಕೋಣೆಯಲ್ಲಿ ದೇವರ ದೀಪವಾಗಲಿ ಮೇಣದಬತ್ತಿಯಾಗಲಿ ಬೇಡ.

ಆಗುಂಬೆಯಿಂದ: ಛಾವಣಿಯ ಸೋಲಾರ್ ಮತ್ತು ಕಾರು ಎರಡನ್ನೂ ಸೇರಿಸಬಹುದೇ?

ಭದ್ರಾವತಿಯಿಂದ: ಬಾನೆಟ್ ಒಳಗಿನ 12 ವೋಲ್ಟ್ ಬ್ಯಾಟರಿಗೆ ಇನ್ವರ್ಟರ್ ಕ್ಲಿಪ್ ಹಾಕುವ ವೀಡಿಯೊ ಬಂದಿದೆ. ಅದಕ್ಕೂ ಬೇಡ ಎನ್ನುತ್ತೀರಾ?

ಗುತ್ತಿಗೆದಾರರು: ಎನ್ನುತ್ತೇನೆ. 1000 ವಾಟ್ ಹೊರೆ ಹಾಕಿದರೆ ಆ ತೆಳು ಕ್ಲಿಪ್ಪುಗಳಲ್ಲಿ 90 ಆಂಪಿಯರಿನಷ್ಟು ಹರಿಯುತ್ತದೆ. ಆ ಸಣ್ಣ ಬ್ಯಾಟರಿ ಇಳಿದುಹೋದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಚಾಲೂ ಆಗುವುದಿಲ್ಲ.

ಭದ್ರಾವತಿಯಿಂದ: ನಿಮಗೆ ಎಲ್ಲದರಲ್ಲೂ ತಪ್ಪೇ ಕಾಣುತ್ತದೆ.

ಕೊಪ್ಪದಿಂದ: ವೀಡಿಯೊ ನೋಡಿ ಬರುವವರಿಗೆ ಹೇಳಿ ಏನು ಪ್ರಯೋಜನ.

ನಿರ್ವಾಹಕರು: ಇಬ್ಬರೂ ದಯವಿಟ್ಟು ನಿಲ್ಲಿಸಿ.

ಎನ್.ಆರ್.ಪುರದಿಂದ: ಫ್ರಿಜ್ ಎಷ್ಟು ದಿನ ನಡೆಯುತ್ತದೆ ಸರ್?

ಗುತ್ತಿಗೆದಾರರು: ಮೇಲೆ ಓದಿ.

ಶೃಂಗೇರಿಯಿಂದ: ಸರ್, ಸಿಲಿಂಡರಿಗೆ ಹೇಳಿದ್ದೇವೆ, ನಾಳೆ ಬರುತ್ತದೆ. ಇನ್ವರ್ಟರನ್ನು ಕಾರಿನಿಂದ ಚಾರ್ಜ್ ಮಾಡುವ ದಾರಿಯೇ ಇಲ್ಲವೇ?

ಗುತ್ತಿಗೆದಾರರು: ಇದೆ. ಇನ್ವರ್ಟರಿನಿಂದ ಮನೆಗೆ ಹೋಗುವ ಫೇಸು, ನ್ಯೂಟ್ರಲ್ ಎರಡನ್ನೂ ಎಲೆಕ್ಟ್ರಿಷಿಯನ್‌ನಿಂದ ಪೂರ್ತಿ ಬೇರ್ಪಡಿಸಿ, ಅದರ ಹಿಂಬದಿಯ ಸಾಕೆಟ್ಟಿಗೆ ಆಕ್ಸಿಜನ್ ಯಂತ್ರವನ್ನು ಮಾತ್ರ ಸಿಕ್ಕಿಸಬೇಕು. ಆಮೇಲೆ ಇನ್ವರ್ಟರಿನ ಪ್ಲಗ್ಗನ್ನು ಕಾರಿನ ಅಡಾಪ್ಟರಿಗೆ ಸಿಕ್ಕಿಸಿದರೆ, ಕಾರು ನಿಂತರೂ ಇನ್ವರ್ಟರ್ ಯಂತ್ರವನ್ನು ಎರಡು ಮೂರು ಗಂಟೆ ನಡೆಸುತ್ತದೆ. ಲೈನಿನ ಕರೆಂಟಿನಂತೆಯೇ ನಯವಾದ ಅಲೆ ಕೊಡುವ ಸೈನ್‌ವೇವ್ ಇನ್ವರ್ಟರೇ ಆಗಿರಬೇಕು. ಹಿಂಬದಿಯ ಫೋಟೊವನ್ನು ನನಗೆ ನೇರವಾಗಿ ಕಳಿಸಿ, ಇಲ್ಲಿ ಹಾಕಬೇಡಿ.