‘ರಿಮೋಟ್ ಡೆಸ್ಕ್‌ಟಾಪ್’: ನೋಡುವುದಕ್ಕೂ ಹಿಡಿಯುವುದಕ್ಕೂ ಹೊಗುವುದಕ್ಕೂ ಒಂದೇ ಪದ ಸಾಕೆ?

ಗೆಳೆಯರೇ,

ನಮ್ಮ ತಾಲ್ಲೂಕಿನ ಹಾಲಿನ ಸಂಘ, ಪತ್ತಿನ ಸಂಘಗಳಲ್ಲಿ ಲೆಕ್ಕ ಬರೆಯುವವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಇಲ್ಲಿ ಕೂತು ಇನ್ನೆಲ್ಲೋ ಇರುವ ಕಂಪ್ಯೂಟರನ್ನು ನಡೆಸುವ ತಂತ್ರಾಂಶಗಳಲ್ಲಿ ಯಾವುದನ್ನು ಯಾವ ಕೆಲಸಕ್ಕೆ ಆರಿಸಿಕೊಳ್ಳಬೇಕು ಎಂಬುದು ಅದರ ಒಂದು ಅಧ್ಯಾಯ. ಅದರ ತಲೆಬರಹದ ಪದವೇ ಮೂರು ವಾರದಿಂದ ನನ್ನನ್ನು ಮುಂದೆ ಹೋಗಲು ಬಿಟ್ಟಿಲ್ಲ.

ಸಂಘದವರ ಬಾಯಲ್ಲಿ ಪದ ಇಲ್ಲವೆಂದಲ್ಲ. ‘ಸಾಫ್ಟ್‌ವೇರಿನವರು ರಿಮೋಟ್ ತಗೊಂಡು ಸರಿಮಾಡಿದ್ರು’ ಎನ್ನುತ್ತಾರೆ. ‘ಎನಿಡೆಸ್ಕ್ ನಂಬರ್ ಹೇಳಿ’ ಎಂಬುದೂ ರೂಢಿಯಾಗಿದೆ. ಎನಿಡೆಸ್ಕ್, ಟೀಮ್‌ವ್ಯೂವರ್ ಇಂಥ ಎರಡು ತಂತ್ರಾಂಶಗಳು. ನಕಲು ಪ್ರತಿಗೆಲ್ಲ ಜೆರಾಕ್ಸ್ ಎಂದಂತೆ, ಟೀಮ್‌ವ್ಯೂವರ್ ಹಾಕಿಕೊಂಡವರೂ ಅದನ್ನು ಎನಿಡೆಸ್ಕ್ ಎಂದೇ ಕರೆಯುವುದನ್ನು ಕೇಳಿದ್ದೇನೆ. ಈ ಮಾತುಗಳನ್ನು ಹಾಗೇ ಇಟ್ಟುಕೊಳ್ಳಲು ನನ್ನ ತಕರಾರಿಲ್ಲ. ಆದರೆ ಬೇರೆಬೇರೆ ಮೂರು ಕೆಲಸಗಳು ಈ ಒಂದೇ ಹೆಸರಿನಡಿ ಅಡಗಿವೆ.

ಕಳೆದ ಮಾರ್ಚ್ ಕೊನೆಯಲ್ಲಿ ಒಂದು ಸಂಘದಲ್ಲಿ ನಡೆದದ್ದನ್ನು ಹೇಳಿದರೆ ವಿಷಯ ತಿಳಿಯುತ್ತದೆ. ಕಾರ್ಯದರ್ಶಿಯವರು ಮನೆಯಿಂದ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಕಚೇರಿಯ ಕಂಪ್ಯೂಟರಿಗೆ ಹೊಕ್ಕರು. ಅದೇ ಕಂಪ್ಯೂಟರಿನ ಮುಂದೆ ಬಿಲ್ ಹಾಕುತ್ತಿದ್ದ ಹುಡುಗಿಗೆ ಇದ್ದಕ್ಕಿದ್ದಂತೆ ಬೀಗದ ಪರದೆ ಕಾಣಿಸಿತು. ಕೆಟ್ಟುಹೋಯಿತೆಂದು ಹೆದರಿ ಆಕೆ ಸ್ವಿಚ್ ಆರಿಸಿದಳು. ಉಳಿಸದೆ ಇಟ್ಟಿದ್ದ ನಮೂದುಗಳೆಲ್ಲ ಹೋದವು. ತಪ್ಪು ಇಬ್ಬರದೂ ಅಲ್ಲ. ಹಿಂದೆ ದುರಸ್ತಿಗೆ ಬಂದವರು ‘ರಿಮೋಟ್’ ತೆಗೆದುಕೊಂಡಾಗ ಇಬ್ಬರಿಗೂ ಒಂದೇ ಪರದೆ ಕಾಣುತ್ತಿತ್ತು. ಇದೂ ‘ರಿಮೋಟ್’ ತಾನೆ ಎಂದುಕೊಂಡಿದ್ದರು.

ವ್ಯತ್ಯಾಸ ಇರುವುದು ಅಲ್ಲಿಯೇ. ಎನಿಡೆಸ್ಕ್, ಟೀಮ್‌ವ್ಯೂವರ್, ಅದೇ ಬಗೆಯ ವಿಎನ್‌ಸಿ ಸಾಮಾನ್ಯವಾಗಿ ಮುಂದಿರುವ ಪರದೆಯನ್ನೇ ಆ ಕಡೆಯವರಿಗೂ ತೋರಿಸುತ್ತವೆ. ಅವರು ಬರೀ ನೋಡಬಹುದು, ನಾವು ಒಪ್ಪಿದರೆ ಮೌಸ್ ಕೀಲಿಮಣೆಗಳನ್ನೂ ಹಿಡಿಯಬಹುದು. ಕಾರ್ಯದರ್ಶಿಯವರು ಬಳಸಿದ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪಿನ ಹಿಂದಿರುವ ಮೈಕ್ರೋಸಾಫ್ಟಿನ ಆರ್‌ಡಿಪಿಯಲ್ಲಿ ಹಾಗಲ್ಲ, ದೂರದಲ್ಲಿರುವವರು ತಮ್ಮ ಹೆಸರು, ಗುಪ್ತಪದ ಕೊಟ್ಟು ಒಳಗೇ ಹೊಗುತ್ತಾರೆ. ಕಚೇರಿಗಳಲ್ಲಿರುವ ಸಾಮಾನ್ಯ ವಿಂಡೋಸ್‌ನಲ್ಲಿ ಒಮ್ಮೆಗೆ ಒಬ್ಬರಿಗಷ್ಟೇ ಜಾಗ. ವಿಂಡೋಸ್‌ನ ಹೋಮ್ ಆವೃತ್ತಿಗಂತೂ ಹೀಗೆ ಹೊರಗಿನಿಂದ ಹೊಗಲು ಬರುವುದೇ ಇಲ್ಲ, ಪ್ರೊ ಬೇಕು. ಆದ್ದರಿಂದ ‘ಯಾವ ತಂತ್ರಾಂಶ ಒಳ್ಳೆಯದು?’ ಎಂದು ಕೇಳುವ ಮೊದಲು ‘ನೋಡಬೇಕೋ, ಹಿಡಿಯಬೇಕೋ, ಹೊಗಬೇಕೋ?’ ಎಂದು ಕೇಳಿಕೊಳ್ಳಬೇಕು. ಈ ಮೂರೂ ಅಚ್ಚ ಕನ್ನಡದ ಕ್ರಿಯಾಪದಗಳೇ ಆಗಿರುವಾಗ ಹೆಸರೂ ಅವುಗಳಿಂದಲೇ ಹುಟ್ಟಲಿ ಎಂಬುದು ನನ್ನ ಆಸೆ.

ಇನ್ನು ಪದಗಳ ವಿಚಾರ. ವಿಂಡೋಸ್‌ನಂತೆಯೇ ಕಂಪ್ಯೂಟರನ್ನು ನಡೆಸುವ ಲಿನಕ್ಸ್‌ನ ಕನ್ನಡ ಅನುವಾದಗಳಲ್ಲಿ ಡೆಸ್ಕ್‌ಟಾಪಿಗೆ ‘ಗಣಕತೆರೆ’, ರಿಮೋಟಿಗೆ ‘ದೂರಸ್ಥ’ ಎಂಬುವನ್ನು ಕಂಡಿದ್ದೇನೆ. ‘ದೂರಸ್ಥ’ ಅರ್ಥದಲ್ಲಿ ಸರಿಯಿದೆ, ಆದರೆ ಆಡುಮಾತಿನಲ್ಲಿ ಯಾರೂ ಹೇಳರು. ‘ದೂರದ’ ಎಂದರೆ ಸಾಕಲ್ಲವೆ? ದೂರದಲ್ಲಿರುವುದನ್ನು ಕಾಣುವುದಕ್ಕೆ ‘ದೂರದರ್ಶನ’ ಸರಿಯಾಗಿಯೇ ಒಪ್ಪುತ್ತಿತ್ತು, ಆದರೆ ಅದನ್ನು ಟಿವಿಗೆ ಕೊಟ್ಟುಬಿಟ್ಟಿದ್ದೇವೆ.

‘ತೆರೆ’ ನನಗೆ ತುಂಬ ಇಷ್ಟದ ಪದ. ಅದು ಮರೆಮಾಡುತ್ತದೆ, ತೋರಿಸುತ್ತದೆ ಕೂಡ: ಒಂದು ಕಡೆ ತೆರೆಮರೆ, ಇನ್ನೊಂದು ಕಡೆ ಬೆಳ್ಳಿತೆರೆ. ಯಕ್ಷಗಾನದ ತೆರೆ ಒಡ್ಡೋಲಗದಲ್ಲಿ ಇಬ್ಬರು ಹಿಡಿದ ತೆರೆಯ ಹಿಂದೆ ವೇಷ ಕುಣಿಯುತ್ತ ಸ್ವಲ್ಪಸ್ವಲ್ಪವೇ ಕಾಣಿಸಿಕೊಳ್ಳುವುದನ್ನು ನೋಡಿದವರಿಗೆ ಈ ಎರಡು ಅರ್ಥಗಳು ಬೇರೆಯಲ್ಲ. ಆದರೆ ‘ತೆರೆ’ ಎಂದರೆ ಬಾಗಿಲು ತೆರೆಯುವ ಕ್ರಿಯೆಯೂ ಹೌದು. ತಂತ್ರಾಂಶದಲ್ಲಿ ಒತ್ತುವ ಗುಂಡಿಯ ಮೇಲೆ ‘ದೂರದ ತೆರೆ’ ಎಂದು ಬರೆದರೆ ಓದುಗ ಅದನ್ನು ಆಜ್ಞೆಯೆಂದು ಓದಿಕೊಂಡಾನು. ಆ ಕಾರಣಕ್ಕೆ ಸದ್ಯಕ್ಕೆ ‘ಪರದೆ’ಯನ್ನೇ ಇಟ್ಟುಕೊಂಡಿದ್ದೇನೆ.

ನಿಯಂತ್ರಣ ಕೊಡುವುದಕ್ಕೆ ‘ಕೈ ಕೊಡು’ ಎನ್ನಲು ಸಾಧ್ಯವೇ ಇಲ್ಲ, ನಂಬಿಸಿ ಮೋಸ ಮಾಡುವುದಕ್ಕೆ ಕನ್ನಡದಲ್ಲಿ ಆ ಮಾತೇ ಇದೆ. ‘ವಶಕ್ಕೆ ಕೊಡು’ ಎಂದರೆ ಪೊಲೀಸು ಠಾಣೆ ನೆನಪಾಗುತ್ತದೆ. ‘ಹಿಡಿತ ಕೊಡು’ ಎಂಬುದೇ ನನಗೆ ಸರಿ ಕಂಡಿದೆ. ಇಲ್ಲಿ ಪದ ಮೆದುವಾಗಬಾರದು. ವಂಚಕರು ಫೋನಿನಲ್ಲಿ ಎನಿಡೆಸ್ಕ್ ಹಾಕಿಸಿ, ಅದರ ಸಂಖ್ಯೆ ಕೇಳಿ ಪಡೆದು ಖಾತೆಯ ಹಣ ಎಗರಿಸುತ್ತಿದ್ದಾರೆ ಎಂದು ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲಿ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಗುಂಡಿಯ ಮೇಲೆ ‘ಅನುಮತಿಸು’ ಎಂದಿದ್ದರೆ ಒತ್ತುವವರಿಗೆ ಏನೂ ತಟ್ಟುವುದಿಲ್ಲ. ‘ಈ ಕಂಪ್ಯೂಟರಿನ ಹಿಡಿತ ಕೊಡುತ್ತೀರಾ?’ ಎಂದಿದ್ದರೆ ಕ್ಷಣ ಹೊತ್ತಾದರೂ ಕೈ ತಡೆಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ ಪದ ‘ಸರ್ವರ್’. ಒಂದು ಸಂಘದಲ್ಲಿ ಲಿನಕ್ಸ್ ಇದೆ, ಅವರಿಗಾಗಿ ಅದರಲ್ಲಿ ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಎಕ್ಸ್ ವಿಂಡೋ ಎಂಬ ವ್ಯವಸ್ಥೆಯ ಬಗ್ಗೆಯೂ ಬರೆಯಬೇಕಾಯಿತು. 1984ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು ಇದು. 1987ರ ಅದರ ಹನ್ನೊಂದನೆಯ ಆವೃತ್ತಿ ಇವತ್ತಿಗೂ ಬಳಕೆಯಲ್ಲಿದೆ. ಇದರಲ್ಲಿ ಸರ್ವರ್ ಎಂದರೆ ನನ್ನ ಎದುರಿಗೆ, ನನ್ನ ಪರದೆಯ ಬಳಿ ಇರುವುದು. ಎಲ್ಲೋ ಓಡುತ್ತಿರುವ ಲೆಕ್ಕದ ಪ್ರೋಗ್ರಾಮೇ ಕ್ಲೈಂಟ್, ಅಂದರೆ ಸರ್ವರಿನಿಂದ ಕೆಲಸ ಕೇಳುವುದು. ವಿಎನ್‌ಸಿಯಲ್ಲಿ ಇದು ತಿರುಗುಮುರುಗು, ದೂರದ ಕಂಪ್ಯೂಟರಿನಲ್ಲಿರುವುದೇ ಸರ್ವರ್. ನಮ್ಮವರಿಗೆ ಸರ್ವರ್ ಎಂದರೆ ‘ಡೌನ್’ ಆಗುವ, ಬೆಂಗಳೂರಿನಲ್ಲಿರುವ ದೊಡ್ಡ ಯಂತ್ರ. ಎಕ್ಸ್‌ನ ಈ ಮಾತನ್ನು ಅವರಿಗೆ ಹೇಗೆ ಹೇಳಲಿ ಎಂದು ಒದ್ದಾಡುತ್ತಿದ್ದಾಗ ‘ಬಡಿಸು’ ಹೊಳೆಯಿತು. ಬಡಿಸುವವರು ನಿಲ್ಲುವುದು ಅಡುಗೆಮನೆಯಲ್ಲಲ್ಲ, ಎಲೆಯ ಮುಂದೆ. ಅಡುಗೆ ದೂರದ ಕಂಪ್ಯೂಟರಿನಲ್ಲಿ ಆಗುತ್ತದೆ, ಎಕ್ಸ್ ಸರ್ವರ್ ಅದನ್ನು ನನ್ನ ಪರದೆಗೆ ಬಡಿಸುತ್ತದೆ. ಹೀಗೆ ಹೇಳಿದ ಮೇಲೆ ಅಲ್ಲಿನ ಗುಮಾಸ್ತರಿಗೆ ಎರಡನೇ ಸಲ ವಿವರಿಸಬೇಕಾಗಲಿಲ್ಲ. ‘ಪರಿಚಾರಕ’ ಎಂಬ ಅನುವಾದದಲ್ಲಿ ಈ ಚಿತ್ರ ಮೂಡುವುದಿಲ್ಲ. ಹಾಗೆಂದು ‘ಬಡಿಸುಗ’ ಎಂದು ಹೊಸ ಪದ ಕಟ್ಟಲು ಧೈರ್ಯವಿಲ್ಲ. ‘ಸರ್ವರ್’ ಎಂದೇ ಬರೆದು, ವಿವರಣೆಯಲ್ಲಿ ‘ಬಡಿಸು’ ಬಳಸಿದ್ದೇನೆ.

ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಇವು. ‘ಪರದೆ ತೋರಿಸು’, ‘ಹಿಡಿತ ಕೊಡು’, ‘ದೂರದಿಂದ ಹೊಗು’ ಎಂಬ ಮೂರು ಮಾತುಗಳನ್ನು ಗುಂಡಿಯ ಮೇಲಿನ ಬರಹವಾಗಿಯೂ ಬಳಸಬಹುದೆ? ‘ಹೊಗು’ ಬರಹದಲ್ಲಿ ತೀರ ಹಳೆಯದೆನಿಸುತ್ತದೆಯೆ, ‘ಒಳಹೋಗು’ ಎಂದರೆ ವಾಸಿಯೆ? ‘ಸೆಷನ್’ಗೆ ಅನುವಾದಗಳಲ್ಲಿ ‘ಅಧಿವೇಶನ’ ಎಂದಿದೆ, ಅದು ವಿಧಾನಮಂಡಲಕ್ಕೆ ಸಲ್ಲುವ ಪದ. ಒಬ್ಬರು ಒಳಹೋಗಿ ಹೊರಬರುವ ತನಕದ ಹೊತ್ತಿಗೆ ಬೇರೆ ಏನನ್ನಬಹುದು? ಧಾರವಾಡ, ಕಲಬುರಗಿ, ಮಂಗಳೂರು ಕಡೆಯ ಕಚೇರಿಗಳಲ್ಲಿ ‘ರಿಮೋಟ್ ತಗೊಳ್ಳುವುದಕ್ಕೆ’ ಜನ ಬೇರೆ ಮಾತೇನಾದರೂ ಆಡುತ್ತಿದ್ದರೆ ಕೇಳಿದ ಹಾಗೆಯೇ ಬರೆದು ಕಳಿಸಿ. ಅಧ್ಯಾಯ ಇನ್ನೂ ಅಚ್ಚಿಗೆ ಹೋಗಿಲ್ಲ.