ಹಾಸನದ ಸಭೆಯ ಮೂಲ ಪ್ರೆಸ್ಬಿಟೇರಿಯನ್ನೋ ಮೆಥಡಿಸ್ಟೋ, ಖಚಿತ ಮಾಡಿಕೊಳ್ಳುವುದು ಹೇಗೆ?

ಹೇಮಾವತಿ_ಓದುಗ:
ಎಲ್ಲರಿಗೂ ವಂದನೆ. ಹಾಸನ ಜಿಲ್ಲೆಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯೊಂದರ ಚರಿತ್ರೆಯ ಪುಸ್ತಿಕೆ ತಯಾರಾಗುತ್ತಿದೆ. "1947ಕ್ಕೆ ಮುಂಚೆ ನಮ್ಮದು ಪ್ರೆಸ್ಬಿಟೇರಿಯನ್ ಸಭೆ" ಎಂದು ಕರಡಿನಲ್ಲಿದೆ. ಆಧಾರ ಎರಡೇ: ಕಾಫಿ ತೋಟದ ಸ್ಕಾಟಿಷ್ ದೊರೆಗಳು ಆರಾಧನೆಗೆ ಬರುತ್ತಿದ್ದರೆಂಬ ಮಾತು, ಹಳೇ ಕಾಗದವೊಂದರಲ್ಲಿ "ಸಭೆಯ ಹಿರಿಯರು" ಅಂತಿರುವುದು. ಅಚ್ಚಿಗೆ ಕೊಡುವ ಮುಂಚೆ ಪರೀಕ್ಷಿಸುವುದು ಹೇಗೆ? ಪ್ರೆಸ್ಬಿಟೇರಿಯನ್, ಮೆಥಡಿಸ್ಟ್ ಎಂಬ ಈ ಎರಡು ಪ್ರಾಟೆಸ್ಟೆಂಟ್ ಪಂಥಗಳ ನಂಬಿಕೆಯಲ್ಲಿ ಏನು ವ್ಯತ್ಯಾಸ?

ಹಳೇ_ದಫ್ತರ:
ಆ ವಾಕ್ಯವನ್ನು ಸದ್ಯಕ್ಕೆ ತೆಗೆದಿಡಿ. ಹಳೇ ಮೈಸೂರು ಸೀಮೆಯಲ್ಲಿ ಹಾಸನ, ಚಿಕ್ಕಮಗಳೂರು ಎರಡೂ ವೆಸ್ಲಿಯನ್ ಮೆಥಡಿಸ್ಟ್ ಮಿಷನ್ ಕೆಲಸ ಮಾಡಿದ ಜಾಗಗಳು. ಹಾಸನದ ರೆಡ್‌ಫರ್ನ್ ಆಸ್ಪತ್ರೆಯೂ ಅವರದೇ.

ಗೊಂದಲ ಹುಟ್ಟುವುದು ಸಿಎಸ್‌ಐ ಇತಿಹಾಸದಿಂದ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಒಂದಾದದ್ದು ಆಂಗ್ಲಿಕನ್ನರು, ಮೆಥಡಿಸ್ಟರು ಮತ್ತು ದಕ್ಷಿಣ ಭಾರತ ಐಕ್ಯ ಸಭೆ. ಪ್ರೆಸ್ಬಿಟೇರಿಯನ್ನರು ಒಳಗೆ ಬಂದದ್ದು ಈ ಮೂರನೆಯದರ ಮೂಲಕ. 1908ರಲ್ಲಿ ಅವರು ಕಾಂಗ್ರಿಗೇಷನಲ್ ಸಭೆಗಳ (ಪ್ರತಿ ಸಭೆಯೂ ತನ್ನ ಆಡಳಿತ ತಾನೇ ನೋಡಿಕೊಳ್ಳುವ ಪಂಥ) ಜೊತೆ ಸೇರಿ ಐಕ್ಯ ಸಭೆ ಕಟ್ಟಿದ್ದರು. ಆದರೆ ಎಲ್ಲಾದರೂ "ಐಕ್ಯ ಸಭೆ" ಎಂದು ಕಂಡ ಕೂಡಲೇ ಪ್ರೆಸ್ಬಿಟೇರಿಯನ್ ಎಂದು ಬರೆಯಬೇಡಿ. ಕನ್ನಡ ನಾಡಿನಲ್ಲಿ ಅದರ ಮುಖ್ಯ ಬೇರು ಬಳ್ಳಾರಿಯ ಲಂಡನ್ ಮಿಷನ್, ಅದು ಕಾಂಗ್ರಿಗೇಷನಲ್.

ದೀಕ್ಷಾಸ್ನಾನದ ರಿಜಿಸ್ಟರ್ ಇಲ್ಲಿ ಹೆಚ್ಚು ಸಹಾಯ ಮಾಡುವುದಿಲ್ಲ, ಶಿಶುಗಳಿಗೆ ದೀಕ್ಷಾಸ್ನಾನ ಇಬ್ಬರಲ್ಲೂ ಇದೆ. ಕಮಿಟಿ ನಡಾವಳಿ, ಲೆಕ್ಕದ ಪುಸ್ತಕ ತೆಗೆಸಿ. ಸರ್ಕಿಟ್ (ಹಲವು ಸಭೆಗಳ ಗುಂಪು), ಸ್ಟೀವರ್ಡ್ (ಹಣಕಾಸು ನೋಡುವವರು), ಕ್ಲಾಸ್ ಲೀಡರ್ (ಸದಸ್ಯರ ಚಿಕ್ಕ ಗುಂಪಿನ ಮುಖಂಡ), ಮೂರು ತಿಂಗಳ ಕ್ಲಾಸ್ ಟಿಕೆಟ್ (ಸದಸ್ಯತ್ವದ ಚೀಟಿ) ಇವು ಕಂಡರೆ ಮೆಥಡಿಸ್ಟ್. ಸೆಷನ್ (ಸಭೆಯ ಹಿರಿಯರ ಮಂಡಳಿ), ಪ್ರೆಸ್ಬಿಟರಿಗೆ (ಹಲವು ಸಭೆಗಳ ಮೇಲಿನ ಮಂಡಳಿ) ಕಳಿಸಿದ ಪ್ರತಿನಿಧಿಗಳ ಹೆಸರು ಕಂಡರೆ ಪ್ರೆಸ್ಬಿಟೇರಿಯನ್. ಕಾಗದ 1947ರ ಮುಂಚಿನದೇ ಅನ್ನುವುದನ್ನು ಮಾತ್ರ ಖಾತ್ರಿ ಮಾಡಿಕೊಳ್ಳಿ, ಬರೀ ಸಿನಡ್ (ಮೇಲಿನ ಆಡಳಿತ ಸಭೆ) ಎಂದಿದ್ದರೆ ಸಾಲದು, ಅದು ಮೆಥಡಿಸ್ಟರಲ್ಲೂ ಇತ್ತು, ಸಿಎಸ್‌ಐಗೂ ಇದೆ. ಬರೀ "ಹಿರಿಯರು" ಅಂತಿದ್ದರೆ ಏನೂ ಸಾಬೀತಾಗದು. ಊರಿನ ದೊಡ್ಡವರನ್ನೂ ಹಾಗೇ ಕರೆಯುತ್ತಾರಲ್ಲ!

ವಾಕ್ಯ_ವಿಚಾರ:
ನಂಬಿಕೆಯ ಪುಟಕ್ಕೆ ಇಷ್ಟು ಸಾಕು. ಪ್ರೆಸ್ಬಿಟೇರಿಯನ್ ದಾರಿ ಜಿನೀವಾದ ಕ್ಯಾಲ್ವಿನ್‌ನಿಂದ ಜಾನ್ ನಾಕ್ಸ್ ಮೂಲಕ ಸ್ಕಾಟ್ಲೆಂಡಿಗೆ ಬಂತು, ಅಲ್ಲಿ 1560ರಲ್ಲಿ ಸುಧಾರಣೆ ಆಯಿತು. 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣ ಮತ್ತು ಮರುವರ್ಷದ ಚಿಕ್ಕ ಪ್ರಶ್ನೋತ್ತರ (107 ಪ್ರಶ್ನೆ) ಅವರ ಬೋಧನೆಗೆ ಆಧಾರ. ರಕ್ಷಣೆ ಹೊಂದುವವರನ್ನು ದೇವರು ಮೊದಲೇ ಆರಿಸಿದ್ದಾನೆ, ಆ ಆಯ್ಕೆ ತಪ್ಪಿಹೋಗುವುದಿಲ್ಲ ಎನ್ನುತ್ತದೆ ಅದು. ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಇದನ್ನು ಒಪ್ಪಲಿಲ್ಲ: ಕೃಪೆ ಎಲ್ಲರಿಗೂ ಇದೆ, ಅದನ್ನು ನಿರಾಕರಿಸಬಹುದು, ನಂಬಿದವನೂ ಬಿದ್ದುಹೋಗಬಹುದು ಎಂದರು. ನಿಜವಾದ ಬಿರುಕು ಇದೇ. ಉಳಿದದ್ದು ಬಹುಪಾಲು ಆಡಳಿತ.

ಆಡಳಿತದಲ್ಲಿ ಪ್ರೆಸ್ಬಿಟೇರಿಯನ್ ಸಭೆ ತನ್ನ ಪಾಲಕರನ್ನು ತಾನೇ ಕರೆಯುತ್ತದೆ; ಆಯ್ಕೆಯಾಗಿ ಅಭಿಷೇಕ ಪಡೆದ ಹಿರಿಯರು ಅವರ ಜೊತೆ ಸಮಾನ ಮತದಿಂದ ಸಭೆ ನಡೆಸುತ್ತಾರೆ. ಮೆಥಡಿಸ್ಟರಲ್ಲಿ ಅಯ್ಯನವರನ್ನು (ಪಾಲಕರನ್ನು) ಮೇಲಿನಿಂದ ನೇಮಿಸಿ, ಕೆಲವು ವರ್ಷಕ್ಕೊಮ್ಮೆ ವರ್ಗ ಮಾಡುತ್ತಾರೆ. ಕರ್ತನ ಭೋಜನದಲ್ಲಿಯೂ ಗುರುತಿದೆ. ಸ್ಕಾಟಿಷ್ ರೂಢಿಯಲ್ಲಿ ಜನ ಕೂತಲ್ಲಿಗೇ ಹಿರಿಯರು ರೊಟ್ಟಿ, ಪಾತ್ರೆ ತರುತ್ತಾರೆ, ವೆಸ್ಲಿಯನ್ನರು ವೇದಿಯ ಮುಂದಿನ ಕಟಕಟೆಯ ಬಳಿ ಮೊಣಕಾಲೂರುತ್ತಾರೆ.

ಹೇಮಾವತಿ_ಓದುಗ:
ತುಂಬಾ ಉಪಕಾರವಾಯಿತು. ಹಾಗಾದರೆ ಸ್ಕಾಟಿಷ್ ದೊರೆಗಳ ಕಥೆ? 1930ರ ದಶಕದ ನಡುವೆ ರಿಜಿಸ್ಟರಿನಿಂದ "ವೆಸ್ಲಿಯನ್" ಅನ್ನುವುದೇ ಮಾಯವಾಗಿದೆ. ಆಗ ಸಭೆ ಕೈಬದಲಾಯಿತೇ?

ಹಳೇ_ದಫ್ತರ:
ಇಲ್ಲ. 1932ರಲ್ಲಿ ಬ್ರಿಟನ್ನಿನ ವೆಸ್ಲಿಯನ್, ಪ್ರಿಮಿಟಿವ್, ಯುನೈಟೆಡ್ ಮೆಥಡಿಸ್ಟರು ಒಂದಾದರು, ಬರೀ "ಮೆಥಡಿಸ್ಟ್" ಉಳಿಯಿತು.

ದೊರೆಗಳ ಜಾತಕ ಬೇರೆ. ಸ್ಕಾಟ್ಲೆಂಡಿನವನಾದರೂ ಹತ್ತಿರ ಸಿಕ್ಕ ಚಾಪ್ಲೇನ್ (ಯುರೋಪಿಯನ್ನರ ಪಾದ್ರಿ) ಕೈಯಲ್ಲೇ ಮದುವೆ, ದಫನ್ ಮುಗಿಸಿಕೊಂಡಿರಬಹುದು. ಅದರಿಂದ ಕನ್ನಡ ಸಭೆಯ ಮೂಲ ತಿಳಿಯದು. ಸೇಂಟ್ ಆಂಡ್ರೂ ಅನ್ನುವ ಹೆಸರನ್ನೂ ನೆಚ್ಚಬೇಡಿ, ಆಂಗ್ಲಿಕನ್ನರೂ ಅದನ್ನು ಇಡುತ್ತಾರೆ. ನಿಜವಾದ ಸ್ಕಾಟಿಷ್ ಚರ್ಚು ನೋಡಬೇಕೆಂದರೆ ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ 1866ರಲ್ಲಿ ತೆರೆದ ಸೇಂಟ್ ಆಂಡ್ರೂಸ್ ಇದೆ.

ಕಡತ_ಹುಡುಕು:
ಹುಡುಕುವ ಜಾಗಗಳು: ಯುರೋಪಿಯನ್ನರ ದೀಕ್ಷಾಸ್ನಾನ, ಮದುವೆ, ದಫನಿನ ನಕಲುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ಮದ್ರಾಸ್ ಕಡೆಯವು ಎನ್/2 ಶ್ರೇಣಿಯಲ್ಲಿ. ವೆಸ್ಲಿಯನ್ ಮಿಷನ್ನಿನ ಪತ್ರಗಳು ಲಂಡನ್ ವಿಶ್ವವಿದ್ಯಾಲಯದ ಸೋಅಸ್ (SOAS) ಸಂಸ್ಥೆಯ ಗ್ರಂಥಾಲಯದಲ್ಲಿ. ಅಷ್ಟು ದೂರ ಬೇಡ ಅಂದರೆ ಮೊದಲು ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನ ದಾಖಲೆ ಸಂಗ್ರಹ ನೋಡಿ. ಊರು, ಇಸವಿ ಎರಡನ್ನೂ ಬರೆದು ಮುಂಚಿತವಾಗಿ ಕೇಳಿ. "ನಮ್ಮ ಸಭೆಯ ಚರಿತ್ರೆ ಬೇಕು" ಅಂದರೆ ಯಾರೂ ಹುಡುಕಿಕೊಡಲಾರರು. ಹಾಸನ ಅನ್ನುವುದು ಹಳೇ ಇಂಗ್ಲಿಷ್ ಕಾಗದದಲ್ಲಿ ಬೇರೆ ಬೇರೆ ಕಾಗುಣಿತದಲ್ಲಿ ಇರಬಹುದು, ಎಲ್ಲವನ್ನೂ ಹಾಕಿ ನೋಡಿ. ಚರ್ಚಿನ ಜಾಗದ ಕ್ರಯಪತ್ರ ನೋಂದಣಿಯಾಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ಪಡೆಯಿರಿ. ಕೊಂಡವರ ಜಾಗದಲ್ಲಿ ಯಾವ ಮಿಷನ್ನಿನ ಹೆಸರಿದೆಯೋ, ಪುಸ್ತಿಕೆಯ ಮೊದಲ ಪುಟಕ್ಕೆ ಅದನ್ನೇ ಹಾಕಿ.